ಗೇಮ್‌ತ್ಯಾಗ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ದುಡ್ಡು ಕೊಟ್ಟು ತಂದ ಹೊಸ ವೀಡಿಯೋ ಗೇಮು ರುಚಿಸದಿದ್ದರೆ ಎಷ್ಟು ಹೊತ್ತು ಆಡಿ ನೋಡಿ ಕೈಬಿಡಬೇಕು ಎಂಬುದು. ಪ್ರಯೋಜನ: ನಿದ್ದೆ. ಸಂಬಂಧ: ಇವೆರಡರ ನಡುವಿನದು, ಎಣ್ಣೆ ಸೀಗೆಕಾಯಿಯದು. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾದವನು: ನೌಕರಿ ಇರುವವನು, ಮಗುವನ್ನು ಮಲಗಿಸಿ, ಪಾತ್ರೆ ತೊಳೆದಿಟ್ಟು, ರಾತ್ರಿ ಹತ್ತೂವರೆಗೆ ಕಂಟ್ರೋಲರ್ ಹಿಡಿಯುವವನು ಅಥವಾ ಹಿಡಿಯುವವಳು. ಬೇಸಿಗೆ ರಜೆಯಲ್ಲಿರುವ ಹೈಸ್ಕೂಲು ಹುಡುಗರಿಗೆ ಇಲ್ಲಿ ಅಧಿಕಾರವಿಲ್ಲ. ಅವರ ಹತ್ತಿರ ಹೊತ್ತು ಬೇಕಾದಷ್ಟಿದೆ, ಕಾಸು ಅಪ್ಪನದು. ಹಾಗಾಗಿ ಅವರಿಗೆ ಸಂಶಯವೇ ಹುಟ್ಟುವುದಿಲ್ಲ. ಸಂಶಯವಿಲ್ಲದ ಕಡೆ ಮೀಮಾಂಸೆಗೆ ಏನು ಕೆಲಸ?

ಪ್ರಾಚೀನರಿಗೂ ಈ ಸಂಶಯ ಇದ್ದಂತೆ ಕಾಣುವುದಿಲ್ಲ. 90ರ ದಶಕದಲ್ಲಿ ಟಿವಿಗೆ ಜೋಡಿಸುವ ಗೇಮಿಗೆ ಕ್ಯಾಸೆಟ್ ಎಂಬುದಿತ್ತು. ಅದರ ಮೇಲೆ 9999 ಇನ್ 1 ಎಂದು ಬರೆದಿರುತ್ತಿತ್ತು, ಒಳಗಿರುತ್ತಿದ್ದದ್ದು ಬೆರಳೆಣಿಕೆಯ ಗೇಮು, ಉಳಿದವೆಲ್ಲ ಅವುಗಳದ್ದೇ ಪುನರ್ಜನ್ಮ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಆಡಿದ್ದನ್ನು ಉಳಿಸಿಡುವ ಸೌಲಭ್ಯವೇ ಇರಲಿಲ್ಲ. ಕರೆಂಟು ಹೋಯಿತೋ, ಮತ್ತೆ ಮೊದಲ ಅಣಬೆಯಿಂದ ಶುರು. ಅಂಗಡಿಗೆ ಹೋಗಿ ಆಡುವವರಿಗೆ ಕೊಟ್ಟ ಕಾಸಿಗೆ ತಕ್ಕಷ್ಟು ಹೊತ್ತು, ಆಮೇಲೆ ‘ಟೈಮಾಯ್ತು, ಏಳೋ’. ಹೀಗೆ ಗೇಮನ್ನು ಯಾವಾಗ ಬಿಡಬೇಕೆಂಬುದನ್ನು ಆಟಗಾರ ನಿರ್ಧರಿಸುತ್ತಲೇ ಇರಲಿಲ್ಲ. ಅಂಗಡಿಯವನು, ಅಪ್ಪ, ಲೋಡ್ ಶೆಡ್ಡಿಂಗ್ ಎಂಬ ತ್ರಿಮೂರ್ತಿಗಳು ಆ ಹೊಣೆ ಹೊತ್ತಿದ್ದರು. ಈಗ ಯುಪಿಎಸ್ ಬಂದಿದೆ, ಅಪ್ಪನಿಗೆ ವಯಸ್ಸಾಗಿದೆ. ಶಾಸ್ತ್ರ ಬೇಕಾಗಿರುವುದು ಅದಕ್ಕೇ.

ಮೊದಲ ಪೂರ್ವಪಕ್ಷ ಸ್ಥಾಲೀಪುಲಾಕ ನ್ಯಾಯದವರದು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಇಡೀ ಪಾತ್ರೆ ಬಗ್ಗಿಸಬೇಕಿಲ್ಲ. ಹಾಗೆಯೇ ಮೊದಲ ಅರ್ಧ ಗಂಟೆಯಲ್ಲಿ ಗೇಮಿನ ಗುಣ ತಿಳಿಯುತ್ತದೆ ಎಂಬುದು ಇವರ ವಾದ. 1993ರಲ್ಲಿ ಈ ವಾದಕ್ಕೆ ಬಲವಿತ್ತು. ಆ ವರ್ಷ ಬಂದ ಡೂಮ್‌ನ ಮೂರು ಭಾಗಗಳಲ್ಲಿ ಮೊದಲನೆಯದನ್ನು ಪುಕ್ಕಟೆ ಹಂಚಿದ್ದರು. ಅಗುಳು ಹಿಸುಕಿ ನೋಡಿ, ಬೆಂದಿದ್ದರೆ ಉಳಿದದ್ದಕ್ಕೆ ಕಾಸು ಕಳಿಸಿ ಎಂಬ ಸರಳ ವ್ಯವಹಾರ. ಆದರೆ 2009ರಲ್ಲಿ ಜಪಾನಿನಿಂದ ಫೈನಲ್ ಫ್ಯಾಂಟಸಿ 13 ಬಂತು. ಅದರಲ್ಲಿ 13 ಅಧ್ಯಾಯಗಳು. ಮೊದಲ ಹತ್ತು ಅಧ್ಯಾಯ ಹೆಚ್ಚುಕಮ್ಮಿ ಒಂದು ಉದ್ದನೆಯ ಓಣಿ. ನೇರ ನಡೆ, ಹೊಡೆದಾಡು, ಸಿನಿಮಾ ನೋಡು, ಮತ್ತೆ ನೇರ ನಡೆ. 11ನೆಯ ಅಧ್ಯಾಯದಲ್ಲಿ ಗ್ರ್ಯಾನ್ ಪಲ್ಸ್ ಎಂಬ ಬಯಲು ತೆರೆದುಕೊಳ್ಳುತ್ತದೆ, ಆಗ ನಿಜವಾದ ಆಟ ಶುರು. ಅಷ್ಟರಲ್ಲಿ ಇಪ್ಪತ್ತು ಗಂಟೆ ಕಳೆದಿರುತ್ತದೆ. ಇದರ ಅಭಿಮಾನಿಗಳಿಂದಲೇ ‘ಮುಂದೆ ಚೆನ್ನಾಗಿದೆ’ ಎಂಬ ಎರಡನೆಯ ಪಂಥ ಬಲವಾಯಿತು. ಈ ಪಂಥದವರೊಡನೆ ವಾದ ಮಾಡಿ ಗೆದ್ದವರಿಲ್ಲ, ಏಕೆಂದರೆ ಮುಂದೆ ಎಂಬುದು ಯಾವಾಗಲೂ ಮುಂದೆಯೇ ಇರುತ್ತದೆ.

ಇನ್ನು ಧರ್ಮಶಾಸ್ತ್ರದ ಮಾತು. ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿ 2015ರಲ್ಲಿ ಒಂದು ಸ್ಮೃತಿ ಹೊರಡಿಸಿತು: ಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆ ಮೀರಿರಬಾರದು, ಅಂಥವನಿಗೆ ಕಾಸು ವಾಪಸ್. ಕೇಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿಧಿ ಬೇರೆಯಿಲ್ಲ. ಆದರೆ ಗಡಿಯಾರ ಓಡಲು ಶುರುವಾಗುವುದು ಗೇಮು ತೆರೆದ ಕ್ಷಣದಿಂದ, ಆಟ ಶುರುವಾದ ಕ್ಷಣದಿಂದಲ್ಲ. ಈಗಿನ ಗೇಮುಗಳಲ್ಲಿ ನಾಯಕನ ಮುಖವನ್ನು ನಾವೇ ತಿದ್ದಿ ಕೊಡಬೇಕು. ಮೂಗಿನ ಸೇತುವೆ ಎಷ್ಟು ಎತ್ತರ, ಕೆನ್ನೆಮೂಳೆ ಎಷ್ಟು ಅಗಲ, ಹುಬ್ಬಿಗೂ ಮೀಸೆಗೂ ಒಂದೇ ಬಣ್ಣವೋ ಬೇರೆಯೋ, ಎಲ್ಲಕ್ಕೂ ಒಂದೊಂದು ಸ್ಲೈಡರು. ಮದುವೆಗೆ ವರ ನೋಡುವಾಗಲೂ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೂವರೆ ಗಂಟೆ ಮೀಸೆ ತೀಡಿದವನಿಗೆ ಗೇಮನ್ನು ಪರೀಕ್ಷಿಸಲು ಉಳಿಯುವುದು ಅರ್ಧ ಗಂಟೆ. ಆ ಮುಖವನ್ನಾದರೂ ಆಮೇಲೆ ನೋಡಲು ಸಿಗುತ್ತದೆಯೇ ಎಂದರೆ ಅದೂ ಇಲ್ಲ, ತಲೆಗೆ ಕಬ್ಬಿಣದ ಟೋಪಿ ಬಂದಿರುತ್ತದೆ.

ರೆಡ್ ಡೆಡ್ ರಿಡೆಂಪ್ಶನ್ 2 ಈ ಸ್ಮೃತಿಗೆ ಒಡ್ಡಿದ ಸವಾಲನ್ನು ವಿವರವಾಗಿ ನೋಡಬೇಕು. ಕಾಲ 1899. ಡಚ್ ಎಂಬ ನಾಯಕನ ದರೋಡೆ ತಂಡ ಬ್ಲ್ಯಾಕ್‌ವಾಟರ್ ಎಂಬ ಊರಲ್ಲಿ ಕೈ ಸುಟ್ಟುಕೊಂಡು ಹಿಮದ ಬೆಟ್ಟ ಹತ್ತಿದೆ. ಆಟಗಾರನಾದ ಆರ್ಥರ್ ಮಾರ್ಗನ್ ಕುದುರೆ ಏರಿದ್ದಾನೆ, ಕುದುರೆಯ ಕಾಲು ಹಿಮದಲ್ಲಿ ಹೂತಿದೆ, ಮುಂದಿರುವ ಲಾಂದ್ರವನ್ನು ಹಿಂಬಾಲಿಸಬೇಕು. ಒಂದು ಗುಡಿಸಲು ಹೊಕ್ಕು ಬೀರು ತೆರೆದರೆ, ಆತ ಒಳಗಿನ ಡಬ್ಬಿಗಳನ್ನು ಒಟ್ಟಿಗೆ ಬಾಚಿಕೊಳ್ಳುವುದಿಲ್ಲ. ಒಂದನ್ನು ಎತ್ತಿ, ಚೀಲಕ್ಕೆ ಹಾಕಿ, ಇನ್ನೊಂದನ್ನು ಎತ್ತುತ್ತಾನೆ, ಮಗಳ ಮನೆಗೆ ಉಪ್ಪಿನಕಾಯಿ ಕಟ್ಟಿಕೊಡುವವರ ನಿಧಾನದಲ್ಲಿ. ಈ ಹಿಮಪರ್ವ ಮುಗಿಯಲು ಸುಮಾರು ಎರಡು ಗಂಟೆ ಬೇಕು. ಅಂದರೆ ಹಿಮ ಕರಗಿ ಹಸಿರು ಕಾಣುವ ಹೊತ್ತಿಗೂ ಸ್ಮೃತಿಯ ಗಡುವು ಮುಗಿಯುವ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಇದು ಕಾಕತಾಳೀಯ ಎಂದೇ ಪ್ರಕೃತ ಲೇಖಕನ ಅಭಿಪ್ರಾಯ, ಏಕೆಂದರೆ ಗೇಮು 2018ರಲ್ಲಿ ಮೊದಲು ಬಂದದ್ದು ಕನ್ಸೋಲ್‌ಗಳಿಗೆ; ಸ್ಟೀಮಿಗೆ ಬಂದದ್ದು ಮರುವರ್ಷದ ಕೊನೆಗೆ. ಆದರೂ ಹಿಮದಲ್ಲೇ ಬಿಟ್ಟವನು ಒಂದು ಮಹಾಕಾವ್ಯವನ್ನು ಪೀಠಿಕಾ ಸಂಧಿಯಲ್ಲೇ ಮಡಿಚಿಟ್ಟ ಹಾಗಾಯಿತು.

ಕಾಸುವಾದಿಗಳು ಇಲ್ಲಿ ಅಡ್ಡ ಬರುತ್ತಾರೆ: ಕೊಟ್ಟ ದುಡ್ಡು ವಸೂಲಾಗುವವರೆಗೆ ಆಡಲೇಬೇಕು. ಇವರನ್ನು ಆರ್ಕ್ಸ್ ಮತ್ತು ಬ್ಲೂಮರ್ ಎಂಬಿಬ್ಬರು ಮನಃಶಾಸ್ತ್ರಜ್ಞರು 1985ರಲ್ಲೇ ಪರೀಕ್ಷಿಸಿದ್ದಾರೆ. ನಾಟಕದ ಇಡೀ ಸೀಸನ್ ಟಿಕೆಟ್ಟನ್ನು ಕೆಲವರಿಗೆ ಪೂರ್ತಿ ದರದಲ್ಲಿ, ಕೆಲವರಿಗೆ ರಿಯಾಯಿತಿಯಲ್ಲಿ ಕೊಟ್ಟು, ಯಾರು ಎಷ್ಟು ನಾಟಕಕ್ಕೆ ಬಂದರೆಂದು ಎಣಿಸಿದರು. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಕಾಸು ಕೊಟ್ಟವರೇ ಹೆಚ್ಚು ಬಂದರು. ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಕಾಸಿನ ಉರಿಯೂ ಕಾಲಕ್ರಮದಲ್ಲಿ ಆರುತ್ತದೆ ಎಂದಾಯಿತು. ಆರು ತಿಂಗಳು ಮುಟ್ಟದೆ ಇಟ್ಟ ಗೇಮನ್ನು ಬಿಡುವುದು ನಿನ್ನೆ ಕೊಂಡದ್ದನ್ನು ಬಿಡುವುದಕ್ಕಿಂತ ಸುಲಭ. ನಮ್ಮ ಸ್ಟೀಮ್ ಲೈಬ್ರರಿಗಳೇ ಇದಕ್ಕೆ ಸಾಕ್ಷಿ.

ಗಣಿತಜ್ಞರದು ವಧೂಪರೀಕ್ಷಾ ನ್ಯಾಯ. ನೂರು ಹೆಣ್ಣು ನೋಡುವುದಿದ್ದರೆ ಮೊದಲ 37ನ್ನು ಸುಮ್ಮನೆ ನೋಡಿ ಬಿಡಬೇಕು, ಆಮೇಲೆ ಅವರೆಲ್ಲರಿಗಿಂತ ಒಳ್ಳೆಯವಳು ಸಿಕ್ಕ ಕೂಡಲೇ ಒಪ್ಪಬೇಕು ಎಂಬುದು ಲೆಕ್ಕ. ಲೆಕ್ಕ ಸರಿ, ಆದರೆ ಬಿಟ್ಟವಳ ಮನೆಗೆ ಮತ್ತೆ ಹೋಗುವಂತಿಲ್ಲ ಎಂಬುದು ಅದರ ಷರತ್ತು. ಖಗೋಳಶಾಸ್ತ್ರಿ ಕೆಪ್ಲರ್ 1611ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಹನ್ನೊಂದು ಹೆಣ್ಣುಗಳನ್ನು ಪರಿಶೀಲಿಸಿ, ಕೊನೆಗೆ ಐದನೆಯವಳನ್ನೇ 1613ರಲ್ಲಿ ಮದುವೆಯಾದ. ಗ್ರಹಗಳ ದಾರಿ ಹೇಳಿದವನೇ ಹಿಂದಿರುಗಿ ಹೋದನೆಂದರೆ ಷರತ್ತು ಬಿತ್ತು. ಗೇಮಂತೂ ಯಾವತ್ತಿಗೂ ಬಾಗಿಲು ಹಾಕಿಕೊಳ್ಳುವುದಿಲ್ಲ, ಅನ್‌ಇನ್‌ಸ್ಟಾಲ್ ಮಾಡಿದ್ದನ್ನು ಮರಳಿ ಹಾಕಬಹುದು.

ಇಷ್ಟೆಲ್ಲರಲ್ಲಿ ನನಗೆ ಗೌರವವಿರುವುದು ಜೀವವಿಜ್ಞಾನಿ ಎರಿಕ್ ಚಾರ್ನೋವ್ ಅವರ ಮೇಲೆ. 1976ರಲ್ಲಿ ಅವರು ಮಂಡಿಸಿದ ಪ್ರಮೇಯ ಗೇಮಿನದಲ್ಲ, ಪ್ರಾಣಿಗಳ ಹೊಟ್ಟೆಪಾಡಿನದು. ಒಂದು ಪೊದೆಯಲ್ಲಿ ಹಣ್ಣು ತಿನ್ನುತ್ತಿರುವ ಹಕ್ಕಿ ಯಾವಾಗ ಹಾರಬೇಕು? ಆ ಪೊದೆಯಲ್ಲಿ ಹಣ್ಣು ಸಿಗುವ ವೇಗ, ಹಾರಾಟದ ಹೊತ್ತೂ ಸೇರಿ ಇಡೀ ಕಾಡಿನಲ್ಲಿ ಸಿಗುವ ಸರಾಸರಿಗೆ ಇಳಿದಾಗ. ಮುಂದಿನ ಪೊದೆ ದೂರವಿದ್ದಷ್ಟೂ ಇದೇ ಪೊದೆಯಲ್ಲಿ ಹೆಚ್ಚು ಹೊತ್ತು ಇರುವುದು ಜಾಣತನ. ಈಗ ಹಾರಾಟವೆಂಬ ಕಡೆ ಡೌನ್‌ಲೋಡ್ ಎಂದು ಓದಿ. ರೆಡ್ ಡೆಡ್ 2ಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕು. ಅಷ್ಟನ್ನೂ ಇಳಿಸುವುದಾದರೆ, 100 ಎಂಬಿಪಿಎಸ್ ಫೈಬರ್ ಇರುವ ಬೆಂಗಳೂರಿನವನಿಗೆ 3 ಗಂಟೆ 20 ನಿಮಿಷ. ಅವನು ಅತ್ತಿತ್ತ ಹಾರಾಡಿಕೊಂಡಿರಲಿ. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ, ಮಲೆನಾಡಿನ ಮನೆಯ ಮಾಳಿಗೆಯಲ್ಲಿ ಸಿಗ್ನಲ್ ಸಿಗುವ ಕಿಟಕಿಗೆ ಫೋನು ಒರಗಿಸಿಟ್ಟು ಇಳಿಸಿಕೊಳ್ಳುವವನಿಗೆ 75 ದಿನ. ವಾಟ್ಸಾಪ್ ಮುಟ್ಟದೆ, ಯೂಟ್ಯೂಬ್ ನೋಡದೆ, ಎಪ್ಪತ್ತೈದು ದಿನ ತಪಸ್ಸು ಮಾಡಿ ಪಡೆದ ಗೇಮನ್ನು ಅವನು ಎರಡು ಗಂಟೆಗೆ ಬಿಡಬೇಕೆಂದು ಯಾವ ಸ್ಮೃತಿ ಹೇಳಬಲ್ಲದು? ಹಿಮ ಎಷ್ಟೇ ಇರಲಿ, ಅವನು ದಾಟುತ್ತಾನೆ. ದಾಟುವುದೇ ಶಾಸ್ತ್ರೋಕ್ತ.

ಪುಕ್ಕಟೆ ಸಿಗುವ ಮೊಬೈಲ್ ಗೇಮುಗಳ ಮಾತು ಬೇಡ. ಅವಕ್ಕೆ ಅಂತ್ಯವಿಲ್ಲ, ದಿನಾ ಬಂದು ಹಾಜರಿ ಹಾಕಿದರೆ ನಾಕು ವಜ್ರ ಕೊಡುತ್ತವೆ. ಅದು ಆಟವಲ್ಲ, ನೌಕರಿ.

ತಾತ್ಪರ್ಯನಿರ್ಣಯಕ್ಕೆ ಮೀಮಾಂಸಕರು ಹೇಳಿದ ಆರು ಲಿಂಗಗಳನ್ನು ಗೇಮಿಗೂ ಹಚ್ಚಿ ನೋಡಬಹುದು. ಉಪಕ್ರಮೋಪಸಂಹಾರ: ಆರಂಭ ನೋಡಿದ್ದೇವೆ, ಅಂತ್ಯ ನೋಡಿದವರು ಕಡಿಮೆ. ಅಭ್ಯಾಸ: ಹತ್ತು ತೋಳ ಕೊಂದು ಬಾ ಎಂದು ಊರೂರಲ್ಲೂ ಹೇಳುವುದು. ಅಪೂರ್ವತೆ: ಈ ಸಲ ಕರಡಿ. ಫಲ: ಕರಡಿ ಚರ್ಮ. ಅರ್ಥವಾದ: ಟ್ರೇಲರು. ಉಪಪತ್ತಿ: ಬೆಲೆ ಅರ್ಧಕ್ಕೆ ಇಳಿದಿತ್ತು, ಅದಕ್ಕೇ ಕೊಂಡೆ.

ಇನ್ನು ಸಿದ್ಧಾಂತ. ಈವರೆಗಿನ ಪೂರ್ವಪಕ್ಷಗಳೆಲ್ಲ ಹೊತ್ತನ್ನು ಅಳೆದವು. ಅಳೆಯಬೇಕಾದದ್ದು ಅದಲ್ಲ. ಸೋಲು ಬೇರೆ, ಬೇಸರ ಬೇರೆ ಎಂಬ ವಿವೇಕವೇ ಇಲ್ಲಿ ಪ್ರಮಾಣ. 2022ರ ಎಲ್ಡನ್ ರಿಂಗ್ ನೋಡಿ. ಗುಹೆಯಿಂದ ಹೊರಬಿದ್ದು ಹಸಿರು ಬಯಲಿಗೆ ಕಾಲಿಟ್ಟೊಡನೆ, ಚಿನ್ನದ ಕವಚ ತೊಟ್ಟ ಸವಾರನೊಬ್ಬ ಚಿನ್ನದ ಕುದುರೆಯ ಮೇಲೆ ಅಡ್ಡಾಡುತ್ತಿರುತ್ತಾನೆ. ಟ್ರೀ ಸೆಂಟಿನೆಲ್ ಎಂದು ಹೆಸರು. ಹೊಸಬ ಕತ್ತಿ ಹಿರಿದು ಓಡುತ್ತಾನೆ, ಎರಡೇ ಏಟಿಗೆ ಸಾಯುತ್ತಾನೆ. ಮತ್ತೆ ಓಡುತ್ತಾನೆ, ಮತ್ತೆ ಸಾಯುತ್ತಾನೆ. ಆ ಸವಾರನನ್ನು ಅಲ್ಲಿ ನಿಲ್ಲಿಸಿದ್ದೇ ಈಗ ಬಿಡು, ಮರಗಳ ಮರೆಯಲ್ಲಿ ಸುತ್ತಿ ಹೋಗು, ಸ್ವಂತ ಕುದುರೆ ಸಿಕ್ಕಿದ ಮೇಲೆ ಬಾ ಎಂದು ಕಲಿಸಲಿಕ್ಕೆ. ಬಿಡುವ ವಿದ್ಯೆಯನ್ನು ಗೇಮೇ ಹೇಳಿಕೊಟ್ಟ ಉದಾಹರಣೆ ಇದು. ಹೀಗೆ ಸೋತವನು ಮರುದಿನ ಬಸ್ಸಿನಲ್ಲಿ ಕೂತು, ಎಡಕ್ಕೆ ಉರುಳಿದ್ದರೆ ತಪ್ಪಿಸಿಕೊಳ್ಳಬಹುದಿತ್ತಲ್ಲ ಎಂದು ಲೆಕ್ಕ ಹಾಕುತ್ತಿರುತ್ತಾನೆ, ತನ್ನ ಸ್ಟಾಪು ದಾಟಿದ್ದೂ ಗೊತ್ತಾಗುವುದಿಲ್ಲ. ಅಂಥವನು ಬಿಡಬಾರದು, ನೂರು ಸಲ ಸತ್ತಿದ್ದರೂ.

ಬೇಸರದ ಲಕ್ಷಣ ಬೇರೆ. ಪರದೆಯ ಮೇಲೆ ರಾಜ, ಮಂತ್ರಿ ರಾಜ್ಯ ಮುಳುಗುವ ಮಾತಾಡುತ್ತಿರುವಾಗ ಬಲಗೈ ಮಾತು ಮುಂದೂಡುವ ಬಟನ್ ಒತ್ತುತ್ತಿರುತ್ತದೆ, ಎಡಗೈ ತಾನಾಗಿ ಸೋಫಾದ ಮೇಲಿನ ಫೋನಿಗೆ ಹೋಗುತ್ತದೆ. ಇದಕ್ಕೆ ಫೋನ್‌ಸ್ಪರ್ಶವೆಂದು ಹೆಸರಿಡೋಣ. ಒಂದೇ ಸಂಜೆಯಲ್ಲಿ ಇದು ಮೂರು ಸಲ ಆದರೆ, ಮತ್ತು ಮರುದಿನ ಇಡೀ ಆ ಗೇಮಿನ ನೆನಪೇ ಬಾರದೆ ಅದರ ಬೆಲೆ ಮಾತ್ರ ನೆನಪಾದರೆ, ಅಂದೇ ತ್ಯಾಗ. ಗಂಟೆ ಎಷ್ಟಾಗಿದೆ ಎಂದು ನೋಡುವ ಅಗತ್ಯವಿಲ್ಲ. ಆಡಿದ್ದು ಬಹುಪಾಲು ಕ್ಲೌಡಿನಲ್ಲಿ ಉಳಿದಿರುತ್ತದೆ, ಆದ್ದರಿಂದ ಸೂತಕವೂ ಇಲ್ಲ. 75 ದಿನದ ತಪಸ್ವಿಗೆ ಮಾತ್ರ ಒಂದು ವಾರ ಹೆಚ್ಚಿನ ಅವಕಾಶವುಂಟು.

ಈ ಸಿದ್ಧಾಂತಕ್ಕೆ ಆಕ್ಷೇಪವಿರುವ ಪಂಡಿತರು, ಮುಂದೆ ಚೆನ್ನಾಗಿದೆ ಎನ್ನುವವರೂ ಸೇರಿ, ಫೈನಲ್ ಫ್ಯಾಂಟಸಿಯ ಆ 13 ಅಧ್ಯಾಯಗಳನ್ನು ಪೂರ್ತಿ ಮುಗಿಸಿ ಬರಲಿ. ಕೂತು ಮಾತಾಡೋಣ, ಅವಸರವೇನಿಲ್ಲ.