ಬೆಣ್ಣೆ ಕದ್ದ ಜೋಕುಮಾರ

ಭಾದ್ರಪದ ಬಂತೆಂದರೆ ಹಿರೇವಡ್ಡಟ್ಟಿ, ಡಂಬಳ, ಮುಂಡರಗಿ ಕಡೆಯ ತಂದೆತಾಯಿಗಳಿಗೆ ಎರಡು ಚಿಂತೆ. ಹಿಂಗಾರಿ ಜೋಳ ಬಿತ್ತಲು ಎರಿ ಹೊಲಕ್ಕೆ ಹದವಾದ ಮಳೆ ಬೀಳಬೇಕು. ಜೋಕುಮಾರನ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೊಂದಿಸಿಕೊಳ್ಳಬೇಕು. ಮೊದಲನೆಯದನ್ನು ಕಪ್ಪತಗುಡ್ಡದ ಮೇಲಿನ ಮೋಡಕ್ಕೆ ಬಿಡಬಹುದು. ಎರಡನೆಯದನ್ನು ತಾವೇ ನಿಭಾಯಿಸಬೇಕು.

ಗಣಪತಿ ಬಂದ ನಾಲ್ಕು ದಿನಕ್ಕೆ, ಅಷ್ಟಮಿಯಂದು ಹುಟ್ಟುವ ಜೋಕುಮಾರ ಹುಣ್ಣಿಮೆಗೆ ಸಾಯುತ್ತಾನೆ. ಅಂಬಿಗೇರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ತಪ್ಪಲು ಹಾಸಿ, ಅವನನ್ನು ಕೂರಿಸಿಕೊಂಡು ಮನೆಮನೆಗೆ ಬರುತ್ತಾರೆ. ಮಣ್ಣಿನ ಮೈ, ಅಗಲ ಕಣ್ಣು, ದಪ್ಪ ಮೀಸೆ, ತೆರೆದ ಬಾಯಿಗೆ ಬೆಣ್ಣೆ. ಸುತ್ತ ಕೂತು ಹಾಡುತ್ತಾರೆ. ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ಕೊಟ್ಟವರಿಗೆ ಬೇವಿನ ಎಲೆ, ಕಾಡಿಗೆ ಸಿಗುತ್ತದೆ. ಆ ಬೆಣ್ಣೆಯ ಮೇಲೆ ಮಕ್ಕಳಿಗೂ ಕಣ್ಣು, ನೊಣಕ್ಕೂ ಕಣ್ಣು.

ಅವನು ಮಣ್ಣಿನವನೆಂಬುದನ್ನು ಯಾರೂ ಮುಚ್ಚಿಡುವುದಿಲ್ಲ. ಅಮೆರಿಕದ ಪಾಲಕರಿಗೆ ಆ ಸುಖವಿಲ್ಲ. ಸಾಂತಾಕ್ಲಾಸ್ ನಿಜವಾಗಿ ಇದ್ದಾನೆಯೇ ಎಂದು ನ್ಯೂಯಾರ್ಕಿನ ಎಂಟು ವರ್ಷದ ವರ್ಜೀನಿಯಾ ‘ದಿ ಸನ್’ ಪತ್ರಿಕೆಗೆ ಬರೆದು ಕೇಳಿದಳು. 1897ರ ಸೆಪ್ಟೆಂಬರಿನಲ್ಲಿ ಪತ್ರಿಕೆ ಸಂಪಾದಕೀಯವನ್ನೇ ಬರೆದು ‘ಇದ್ದಾನೆ’ ಎಂದಿತು. ಇಲ್ಲದವನನ್ನು ಇದ್ದಾನೆ ಎನ್ನುವುದು ಅವರ ಕಷ್ಟ. ಇದ್ದವನು ಏನು ಮಾಡಿದ ಎಂದು ಹೇಳಲಾಗದ್ದು ನಮ್ಮವರ ಕಷ್ಟ.

ಏಕೆಂದರೆ ಜೋಕುಮಾರ ಹೆಣ್ಣುಮಕ್ಕಳ ಬೆನ್ನು ಬಿದ್ದ ಪುಂಡ. ಹಾಡುಗಳೂ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದದ್ದು ಬಾಲಮೇಳಕ್ಕಂತೂ ಅಲ್ಲ. ಹುಣ್ಣಿಮೆ ರಾತ್ರಿ ಒನಕೆಯ ಏಟಿಗೆ ಅವನ ಕಥೆ ಮುಗಿಯುತ್ತದೆ. ಅಗಸರ ಕಲ್ಲಿನಡಿ ನರಳುತ್ತಿರುತ್ತಾನೆಂದು ಮೂರು ದಿನ ಬಟ್ಟೆ ಒಗೆಯಬಾರದೆಂಬ ಮಾತೂ ಇದೆ. ಮರುದಿನ ರೊಟ್ಟಿ ತಟ್ಟುವ ಹೊತ್ತಿಗೆ ವಿಚಾರಣೆ ಶುರು.

“ಯವ್ವಾ, ಜೋಕ್ಯಾನ್ನ ಯಾಕ ಬಡದ್ರಬೇ?”

“ಬೆಣ್ಣಿ ಕದ್ದಿದ್ದ.”

“ಕೃಷ್ಣನೂ ಕದ್ದಿದ್ನಲ್ಲ? ಅವಗ ತೊಟ್ಟಲಾ ಕಟ್ಟಿ ತೂಗಿದ್ರಿ!”

ಗೋಕುಲಾಷ್ಟಮಿಗೆ ಕೃಷ್ಣನ ವೇಷ ಹಾಕಿಸಿ ಫೋಟೋ ತೆಗೆಸಿದ್ದು ತಾವೇ ಎಂದು ಆಗ ನೆನಪಾಗುತ್ತದೆ. ಅಪ್ಪನಿಗೆ ಎತ್ತಿಗೆ ಮೇವು ಹಾಕುವುದು ನೆನಪಾಗುತ್ತದೆ. ಉಳಿಯುವವಳು ಅಜ್ಜಿ.

ಅಜ್ಜಿ ತಪ್ಪಿನ ಸುದ್ದಿ ಬಿಟ್ಟು ಮಳೆಯ ಸುದ್ದಿ ಹಿಡಿಯುತ್ತಾಳೆ. ಗಣಪ್ಪ ಬಂದ, ಕಡುಬು ತಿಂದ, ಭೂಲೋಕದಲ್ಲಿ ಎಲ್ಲ ಸುಕ್ಷೇಮ ಎಂದು ಶಿವನಿಗೆ ಹೇಳಿದ. ಜೋಕುಮಾರ ಹೊಲಮನೆ ಸುತ್ತಿದ, ಬಾಡಿದ ಬೆಳೆ ಕಂಡ, ಮಳೆ ಕೊಡಪ್ಪಾ ಎಂದು ಹೋಗಿ ಬೇಡಿಕೊಂಡ. ಉಂಡು ಹೋದವನಿಗೆ ಮೆರವಣಿಗೆ, ಖರೆ ಹೇಳಿದವನಿಗೆ ಒನಕೆ ಪೆಟ್ಟು ಎಂಬ ನ್ಯಾಯ ಮಕ್ಕಳಿಗೆ ಒಪ್ಪುವುದಿಲ್ಲ, ದೊಡ್ಡವರಿಗೆ ರೂಢಿಯಾಗಿದೆ.

“ಮತ್ತ ಮಳಿ ಯಾಕ ಬರವಲ್ದು?”

“ಅರ್ಜಿ ಮುಟ್ಟೇತಿ, ಮಂಜೂರಾಗಬೇಕು.”

ತಾಲ್ಲೂಕು ಕಚೇರಿಗೆ ಅಲೆದ ಮನೆಯಲ್ಲಿ ಈ ಉತ್ತರಕ್ಕೆ ಮರುಪ್ರಶ್ನೆ ಏಳುವುದಿಲ್ಲ.

ಮುಂದೆ ಮೀಸೆ ಚಿಗುರುವ ವಯಸ್ಸಿನಲ್ಲಿ ಹುಡುಗನಿಗೆ ಹಾಡಿನ ಅರ್ಥ ತಾನಾಗಿ ಆಗುತ್ತದೆ. ಹುಡುಗಿಗೆ ಅದಕ್ಕೂ ಮೊದಲೇ ಆಗಿರುತ್ತದೆ. ಇಬ್ಬರೂ ಮನೆಗೆ ಬಂದು, ನನಗೇಕೆ ಸುಳ್ಳು ಹೇಳಿದಿರಿ ಎಂದು ಜಗಳ ತೆಗೆಯುವುದಿಲ್ಲ. ಹತ್ತಾರು ವರ್ಷ ಕಳೆದು ತಮ್ಮ ಮಕ್ಕಳು ಬಾಯಿ ತೆರೆಯುವುದರೊಳಗೆ, ಬೆಣ್ಣಿ ಕದ್ದಿದ್ದ ಅಂತ ತಾವೇ ಮೊದಲು ಹೇಳಿಬಿಡುತ್ತಾರೆ.