ಸ್ವನಿಯಂತ್ರಣಪ್ರತ್ಯಯವೂ ಸತ್ಸಂಬಂಧಸಿದ್ಧಿಯೂ: ಒಂದು ತಾತ್ವಿಕ ಪೀಠಿಕೆ

ಬದುಕಿನಲ್ಲಿ ಒದಗುವ ಫಲಾಫಲಗಳೆಲ್ಲ ತನ್ನ ನಡೆಯಿಂದಲೇ ಉಂಟಾಗುತ್ತವೆ ಎಂಬ ನಂಬಿಕೆಯನ್ನು ಪ್ರಸ್ತುತ ಪ್ರಬಂಧವು ಸ್ವನಿಯಂತ್ರಣಪ್ರತ್ಯಯ ಎಂದು ಕರೆಯುತ್ತದೆ. ಈ ಪ್ರತ್ಯಯವು ದೃಢವಾಗಿರುವವರಲ್ಲಿ ಅಂತರ್ವೈಯಕ್ತಿಕ ಸಂವಹನಕ್ಷಮತೆಯು, ಅಂದರೆ ಎದುರಾದವರನ್ನು ‘ಊಟ ಆಯ್ತಾ?’ ಎಂದು ಕೇಳಿ ಉತ್ತರಕ್ಕೂ ಕಾಯುವ ಶಕ್ತಿಯು, ತಾನಾಗಿಯೇ ಕುಡಿಯೊಡೆಯುತ್ತದೆ ಎಂಬ ಸತ್ಯವು ಕಾಲೇಜುಗಳ ವ್ಯಕ್ತಿತ್ವ ವಿಕಸನ ಕಾರ್ಯಾಗಾರಗಳಲ್ಲಿ ಊಟಕ್ಕೆ ಮುನ್ನ ಒಮ್ಮೆ ಸಾಬೀತಾಗಿ, ಊಟವಾದ ಮೇಲೆ ತೂಕಡಿಸುವವರಿಗಾಗಿ ಮತ್ತೊಮ್ಮೆ ಸಾಬೀತಾಗುತ್ತದೆ. ಸಾಬೀತುಪಡಿಸುವವರಿಗೆ ಸಂಪನ್ಮೂಲ ವ್ಯಕ್ತಿ ಎಂದು ಹೆಸರು. ಪಿಪಿಟಿಯೊಡನೆ ಬಂದು ಶಾಲು, ಹಾರ, ಸ್ಮರಣಿಕೆಗಳೊಡನೆ ಹಿಂದಿರುಗುವವರು ಎಂಬುದು ಅದರ ಲಕ್ಷಣ.

ಈ ಶಾಸ್ತ್ರದ ಮೂಲಪುರುಷ ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ರಾಟರ್. 1966ರಲ್ಲಿ ಆತ ಪ್ರಕಟಿಸಿದ ಮಾಪನದಲ್ಲಿ 29 ಜೋಡಿ ಹೇಳಿಕೆಗಳಿದ್ದು, ಪರೀಕ್ಷೆಯ ಉದ್ದೇಶ ಬಯಲಾಗದಿರಲೆಂದು ಸೇರಿಸಿದ 6 ಜೋಡಿಗಳನ್ನು ಬಿಟ್ಟು ಉಳಿದ 23ಕ್ಕೆ ಅಂಕ ಕೊಡಲಾಗುತ್ತದೆ. ಅವುಗಳಲ್ಲೊಂದು ಪ್ರಸ್ತುತ ಜಿಜ್ಞಾಸೆಯ ಜೀವಾಳವೇ ಆಗಿದೆ: ಏನೇ ಮಾಡಿದರೂ ಕೆಲವರಿಗೆ ಒಬ್ಬ ಮನುಷ್ಯ ಹಿಡಿಸುವುದೇ ಇಲ್ಲ ಎಂಬುದು ಅದರ ಒಂದು ಪಕ್ಷವಾದರೆ, ಹಿಡಿಸದವನಿಗೆ ಜನರೊಡನೆ ಹೊಂದಿಕೊಳ್ಳುವ ಬಗೆ ತಿಳಿದಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಆರಿಸಿದವನು ಅಂತರ್ನಿಯಂತ್ರಿತ, ಮೊದಲನೆಯದನ್ನು ಆರಿಸಿದವನು ಬಹಿರ್ನಿಯಂತ್ರಿತ. ಆಸ್ತಿ ಭಾಗವಾದ ಮನೆಯ ಯಾವ ದೊಡ್ಡಪ್ಪನನ್ನು ಕೇಳಿದರೂ ಆತ ಮೊದಲನೆಯದನ್ನೇ ಆರಿಸುತ್ತಾನೆ. ಆದರೆ ಆತನಿಗೆ ಸಂವಹನ ಕೌಶಲ್ಯದ ಕೊರತೆಯಿದೆ ಎನ್ನಲು ಆತನ ಬೈಗುಳ ಕೇಳದವರಿಂದ ಮಾತ್ರ ಸಾಧ್ಯ.

ಫಲಕಾರಣಾನುಸಂಧಾನದ ದೃಷ್ಟಿಯಿಂದ ಮಾನವರು ಪಂಚವಿಧ. ಮೊದಲನೆಯವನು ಶುದ್ಧಾಂತರ್ನಿಯಂತ್ರಿತ: ಬಸ್ಸು ಕೆಟ್ಟು ನಿಂತರೂ ತನ್ನ ಸಮಯಪಾಲನೆಯಲ್ಲೇ ದೋಷ ಹುಡುಕುವ ಈತ, ಸ್ನೇಹಿತನ ಕೆಲಸ ಹೋದಾಗ ಸಾಂತ್ವನದ ಬದಲು ಮುಂಜಾನೆ ಐದಕ್ಕೆ ಏಳುವುದರ ಲಾಭಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದರಿಂದ ಸತ್ಸಂಬಂಧಸಿದ್ಧಿಯ ಪರಾಕಾಷ್ಠೆ ಮುಟ್ಟಿ ಒಂಟಿಯಾಗಿ ಉಳಿಯುತ್ತಾನೆ. ಎರಡನೆಯವನು ಮಿಶ್ರಾಂತರ್ನಿಯಂತ್ರಿತ, ಗೆಲುವು ಸ್ವಂತದ್ದು, ಸೋಲು ಶನಿಯದ್ದು. ಮೂರು ಮತ್ತು ನಾಲ್ಕನೆಯ ವಿಧಗಳಿಗೆ 1970ರ ದಶಕದಲ್ಲಿ ಹ್ಯಾನಾ ಲೆವೆನ್‌ಸನ್ ಮಾಡಿದ ವಿಂಗಡಣೆಯೇ ಆಧಾರ. ಹೊರಗಿನದನ್ನು ನಂಬುವವರೆಲ್ಲ ಒಂದೇ ಬಗೆಯಲ್ಲ, ಅದೃಷ್ಟದ ಕೈಯಲ್ಲಿ ತಮ್ಮ ಬದುಕಿದೆ ಎನ್ನುವವರು ಬೇರೆ, ಬಲಾಢ್ಯರ ಕೈಯಲ್ಲಿದೆ ಎನ್ನುವವರು ಬೇರೆ ಎಂದು ಆಕೆ ತೋರಿಸಿದಳು. ಅದರಂತೆ ಮೂರನೆಯವನು ದೈವಾಯತ್ತ, ನಾಲ್ಕನೆಯವನು ಪರಾಯತ್ತ. ಐದನೆಯ ವಿಧವನ್ನು ವಿವರಿಸುವ ಉತ್ಸಾಹ ಈ ಪ್ರಬಂಧಕ್ಕೆ ಉಳಿದಿಲ್ಲ, ಏಕೆಂದರೆ ನಾಲ್ಕನೆಯವನು ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತಿದ್ದಾನೆ.

ಆತ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ, ಶಾಸ್ತ್ರೀಯವಾಗಿ, ವರ್ಷಗಟ್ಟಲೆ ದುಡಿದರೂ ಮನೆಯವನಾಗದವನು. ಹೊಸ ಶೈಕ್ಷಣಿಕ ವರ್ಷದ ಆದೇಶ ಬರುವವರೆಗೆ ಕೆಲಸ ಉಂಟೋ ಇಲ್ಲವೋ ತಿಳಿಯದ, ಬರುವ ಗೌರವಧನವೂ ಯಾವ ತಿಂಗಳು ಕೈಸೇರೀತೆಂದು ಹೇಳಲಾಗದ ಈತನಿಗೆ ‘ನಿಮ್ಮ ಬದುಕು ನಿಮ್ಮ ಕೈಯಲ್ಲೇ ಇದೆ’ ಎಂದು ಮೈಕಿನಲ್ಲಿ ಹೇಳುವುದಕ್ಕೆ ಎಂಥ ಗಟ್ಟಿ ಎದೆ ಬೇಕು! ಸಾಮಾಜಿಕ ಕೌಶಲ್ಯದ ಮಾತಿಗೆ ಬಂದರೆ, ಪ್ರಾಂಶುಪಾಲರ ಮುಖ ನೋಡಿಯೇ ಇಂದು ರಜೆ ಕೇಳಬಹುದೋ ಬಾರದೋ ಎಂದು ಅಳೆಯಬಲ್ಲ, ಕಾಯಂ ಸಹೋದ್ಯೋಗಿಯ ಪಾಲಿನ ಕೆಲಸವನ್ನೂ ನಗುತ್ತಲೇ ಹೊರುವ, ಬಿಲ್ಲು ಮಾಡುವ ಗುಮಾಸ್ತರ ಮನೆಯ ಗೃಹಪ್ರವೇಶವನ್ನು ಎಂದೂ ತಪ್ಪಿಸದ ಮನುಷ್ಯನಿಗೆ ಅದನ್ನು ಕಲಿಸುವವರು ಯಾರು? ಕೈಯಲ್ಲಿ ಏನೂ ಇಲ್ಲದವನೇ ಎಲ್ಲರೊಡನೆ ಹೊಂದಿಕೊಂಡು ಬಾಳಬೇಕಾಗಿದೆ. ಎಲ್ಲವೂ ಕೈಯಲ್ಲಿರುವವರು ಒರಟಾಗಿದ್ದರೂ ನಡೆಯುತ್ತದೆ.

ಅಂತರ್ನಿಯಂತ್ರಿತರು ಒಳ್ಳೆಯವರು, ಬಹಿರ್ನಿಯಂತ್ರಿತರು ಕೆಟ್ಟವರು ಎಂದು ತಿಳಿಯುವುದು ತಪ್ಪೆಂದು ಸ್ವತಃ ರಾಟರ್ 1975ರಲ್ಲಿ ಎಚ್ಚರಿಸಿದ್ದು ಯಾವ ಪಿಪಿಟಿಯಲ್ಲೂ ಕಾಣಿಸದು. ಪೆಟ್ರೀಷಿಯಾ ಗುರಿನ್ ಮತ್ತು ಸಂಗಡಿಗರು ಅಮೆರಿಕದ ಕಪ್ಪು ವಿದ್ಯಾರ್ಥಿಗಳ ನಡುವೆ ನಡೆಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಷ್ಟೇ: ಹಿನ್ನಡೆಗೆ ತಮ್ಮನ್ನಲ್ಲ, ವ್ಯವಸ್ಥೆಯನ್ನು ಹೊಣೆಯಾಗಿಸಿದವರೇ ಒಟ್ಟುಗೂಡಿ ಹೋರಾಡಲು ಹೆಚ್ಚು ಸಿದ್ಧರಿದ್ದರು. 2023ರ ಕೊನೆಯಲ್ಲಿ ಕರ್ನಾಟಕದ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕುಳಿತಾಗ, ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಹಂಚಿಕೊಂಡು, ಒಬ್ಬರ ಸಾಲದ ಕಥೆಯನ್ನು ಇನ್ನೊಬ್ಬರು ಕೇಳಿಸಿಕೊಂಡು ಬೆಳೆದ ನಂಟನ್ನು ಅಳೆಯಲು 23 ಜೋಡಿಗಳಲ್ಲಿ ಒಂದೂ ಒದಗದು.

ಕಾರ್ಯಾಗಾರದ ಕೊನೆಗೆ ಅಭಿಪ್ರಾಯ ನಮೂನೆ ಹಂಚಲಾಗುತ್ತದೆ. ತಮ್ಮ ಬದುಕಿನ ಮೇಲಿನ ಹಿಡಿತ ಹೆಚ್ಚಿತೇ ಎಂಬ ಪ್ರಶ್ನೆಯ ಎದುರು ಕೊನೆಯ ಸಾಲಿನವರೆಲ್ಲ ‘ಹೌದು’ ಎಂದು ಗುರುತು ಹಾಕುತ್ತಾರೆ, ಏಕೆಂದರೆ ನಮೂನೆಗಳನ್ನು ಒಟ್ಟುಮಾಡುತ್ತಿರುವವರು ಪ್ರಾಂಶುಪಾಲರೇ.