‘ಎದುರಿನವರ ಕಣ್ಣು ನನ್ನ ಖಾತೆಗೆ ಬರಂಗಿಲ್ರಿ!’

ದೆಹಲಿಯ ಕರೋಲ್‌ಬಾಗ್‌ನಲ್ಲಿ ನಾಯಿವಾಲಾ ಎಂಬ ಗಲ್ಲಿಯಿದೆ. ಬೈಕಿಗೆ ಬೇಕಾದದ್ದು, ಬೇಡವಾದದ್ದು ಎರಡೂ ಅಲ್ಲಿ ಸಿಗುತ್ತವೆ. ಬೇಡವಾದದ್ದಕ್ಕೇ ಅಂಗಡಿಗಳು ಹೆಚ್ಚು. ಕೊಂಡ ಮಾಲನ್ನು ಅಲ್ಲೇ ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತ ಮೇಸ್ತ್ರಿ ಗಾಡಿಗೆ ಜಡಿದುಕೊಡುತ್ತಾನೆ. ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು, ಕಪ್ಪು ಟೇಪು ಸುತ್ತಿ, ‘ಹೋ ಗಯಾ ಭಾಯಿ ಸಾಬ್’ ಎಂದರೆ ಮುಗಿಯಿತು, ಭಾರತದ ರಸ್ತೆಗೆ ಇನ್ನೊಂದು ಸೂರ್ಯ ಸೇರ್ಪಡೆ. ಅಂಥದೊಂದು ಹೆಚ್ಚುವರಿ ದೀಪ ನಮ್ಮ ಪತ್ರಿಕೆಗೆ ಸಂದರ್ಶನ ಕೊಡಲು ಒಪ್ಪಿತು. ಕೆಎ-63 ನೋಂದಣಿಯ ಬುಲೆಟ್‌ನ ಕ್ರ್ಯಾಶ್ ಗಾರ್ಡಿನ ಬಲಗಡೆ ಅದರ ವಾಸ. ಎಡಗಡೆಯ ಜೋಡಿ ದೀಪ, ವೈರು ಸಡಿಲವಾಗಿದ್ದರಿಂದ, ಸಂದರ್ಶನದಲ್ಲಿ ಭಾಗವಹಿಸಲಿಲ್ಲ.

ನಮಸ್ಕಾರ. ಮೊದಲು ನಿಮ್ಮ ಪರಿಚಯ ಹೇಳಿ.

ನಮಸ್ಕಾರ್ರಿ. ಅಂಗಡ್ಯಾಗ ನನಗ ‘ಫಾಗ್ ಲೈಟ್’ ಅಂತಾರ. ಬೈಕಿನ ಹುಡುಗ್ರು ‘ಆಕ್ಸ್’ ಅಂತಾರ. ಎದುರಿಗೆ ಬರೋರು ಏನಂತಾರ ಅನ್ನೂದನ್ನ ನೀವು ಅಚ್ಚು ಹಾಕೂ ಹಂಗಿಲ್ಲ ಬಿಡ್ರಿ.

ಇಷ್ಟು ಚಂದದ ಕನ್ನಡ ಎಲ್ಲಿ ಕಲಿತಿರಿ?

ನಮ್ಮ ಮಾಲಕ ಹುಬ್ಬಳ್ಳಿಯಂವ. ಗುರುಗ್ರಾಮದಾಗ ಕಂಪ್ಯೂಟರ್ ನೌಕರಿ. ಆಫೀಸಿನ್ಯಾಗ ಇಂಗ್ಲಿಷ್, ಮನಿ ಓನರ್ ಕೂಡ ಹಿಂದಿ, ಗಾಡಿ ಸ್ಟಾರ್ಟ್ ಆಗಲಿಲ್ಲಂದ್ರ ಕನ್ನಡ. ದಿಲ್ಲಿ ಥಂಡ್ಯಾಗ ದಿನಾ ಮುಂಜಾನೆ ಬೇಕಾದಷ್ಟು ಕನ್ನಡ ಕೇಳ್ತೀನಿ. ಆಗೊಮ್ಮೆ ಈಗೊಮ್ಮೆ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘಕ್ಕ ನಾಟಕ ನೋಡಾಕ ಹೋಗ್ತೇವಿ. ಅಂವ ಒಳಗ, ನಾ ಹೊರಗ ಪಾರ್ಕಿಂಗಿನ್ಯಾಗ.

ನಿಮ್ಮನ್ನು ಕೊಂಡದ್ದು ಯಾವ ಉದ್ದೇಶಕ್ಕೆ?

ಲಡಾಖ್‌ಗೆ ರೀ! ‘ಗುಡ್ಡದಾಗ ರಾತ್ರಿ ತಿರುವು ಕಾಣಬೇಕು’ ಅಂತ ಅಂಗಡಿಯವನ ಮುಂದ ದೊಡ್ಡ ಭಾಷಣ ಮಾಡಿದ.

ಲಡಾಖ್ ನೋಡಿದಿರಾ?

ಮುರ್ಥಲ್ ನೋಡಿದೆ. ಜಿಟಿ ರೋಡಿನ್ಯಾಗ ಸೋನಿಪತ್ ಹತ್ರ ಬರ್ತೈತಲ್ರಿ, ಪರಾಠಾದ ಊರು. ಶನಿವಾರ ರಾತ್ರಿ ಹೋಗೂದು, ಆಲೂ ಪರಾಠಾ ಮ್ಯಾಲ ಬಿಳಿ ಬೆಣ್ಣಿ ಹಾಕ್ಕೊಂಡು ತಿನ್ನೂದು, ತಿರುಗಿ ಬರೂದು. ಒಂದ ಒಂದು ತಿರುವಿಲ್ಲ. ರಸ್ತೆ ಉದ್ದಕ್ಕೂ ಬೀದಿದೀಪ, ಢಾಬಾದ ದೀಪ, ಮದವಿ ಹಾಲಿನ ದೀಪ. ಆದ್ರೂ ನಾ ಉರೀತೀನಿ. ಲಡಾಖ್ ಮುಂದಿನ ವರ್ಷ ಅಂತ. ಹೋದ ವರ್ಷವೂ ಹಂಗ ಅಂದಿದ್ದ.

ನಿಮ್ಮ ಸಾಮರ್ಥ್ಯ ಎಷ್ಟು?

ಡಬ್ಬಿ ಮ್ಯಾಲ ಬರದದ್ದು ಹೇಳಲ್ಯಾ, ಒಳಗ ಇದ್ದದ್ದು ಹೇಳಲ್ಯಾ?

ಆ ಲೆಕ್ಕ ಆಮೇಲೆ ನೋಡೋಣ. ಡಬ್ಬಿಯ ಮೇಲೆ ಬೇರೇನಾದರೂ ಬರೆದಿತ್ತೇ?

(ತುಸು ಮಂಕಾಗಿ) ಇತ್ತು. ಮೂಲ್ಯಾಗ ಇರುವಿ ಅಕ್ಷರದಾಗ ‘ಫಾರ್ ಆಫ್-ರೋಡ್ ಯೂಸ್ ಓನ್ಲಿ’ ಅಂತ. ಅಂದ್ರ, ನಾ ರಸ್ತೆ ಮ್ಯಾಲ ಉರಿಯಾಕ ಹುಟ್ಟಿದಂವ ಅಲ್ಲ. ಆದ್ರ ಗುರುಗ್ರಾಮದಾಗ ಮಳಿ ಬಿದ್ದ ಮರುದಿನ ಬಂದು ನೋಡ್ರಿ, ಆನ್-ರೋಡ್ ಎಲ್ಲೈತಿ ತೋರಿಸ್ರಿ.

ಮಾತು ಹಾರಿಸಬೇಡಿ. ಕಾನೂನಿಗೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಕೇಳಿದ್ದೀರಾ?

ವಕೀಲ್ರನ್ನ ಕೇಳಿ ಹೇಳ್ತೀನಿ.

ನಾನೇ ಹೇಳುತ್ತೇನೆ. ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಬ್ಬರ ಕಣ್ಣು ಇದೆ ಎಂದಿಟ್ಟುಕೊಳ್ಳಿ. ಆ ಕಣ್ಣು ಕೋರೈಸುವಂತೆ ಬೆಳಕು ಬೀಳಬಾರದು. ಬೆಳಕು ಕಾಯಂ ಆಗಿ ಕೆಳಮುಖವಾಗಿರಬೇಕು, ಇಲ್ಲವೇ ಸವಾರ ಬೇಕಾದಾಗ ಕೆಳಗಿಳಿಸುವಂತಿರಬೇಕು. ಕಣ್ಣಿನ ವಿಳಾಸವನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟ ಕಾನೂನು ನಮ್ಮಲ್ಲಿ ಬೇರೆ ಇದೆಯೋ ಇಲ್ಲವೋ.

ಎದುರಿನವರ ಕಣ್ಣು ನನ್ನ ಖಾತೆಗೆ ಬರಂಗಿಲ್ರಿ. ನನಗ ಕೊಟ್ಟ ಖಾತೆ ಬೆಳಕು. ಕಣ್ಣು ಆರೋಗ್ಯ ಖಾತೆ. ಏನಿದ್ರೂ ಅವರನ್ನ ಕೇಳ್ರಿ.

111ನೇ ನಿಯಮ ನೇರವಾಗಿ ನಿಮ್ಮದೇ ಖಾತೆ. ನೋಂದಣಿ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಗಾಡಿಯ ಮುಂದೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕುವಂತಿಲ್ಲ. ಅನುಮತಿಯೂ ಅಸಾಧಾರಣ ಸಂದರ್ಭಕ್ಕೆ ಮಾತ್ರ.

ಮುರ್ಥಲ್ ಪರಾಠಾ ಅಸಾಧಾರಣ ಅಲ್ಲೇನ್ರಿ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ತಯಾರಕರ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾಗಿ ಸೆಕ್ಷನ್ 182ಎ ಬಂತು. ಕಾಯ್ದೆ ಒಪ್ಪದ ರೀತಿಯಲ್ಲಿ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳ ತನಕ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಪ್ರತಿ ಬದಲಾವಣೆಗೆ ಅಂದ್ರಾ? ನಾವಿಬ್ಬರು ಅದೇವಲ್ರಿ, ಒಂದ್ ಲೆಕ್ಕನೋ ಎರಡೋ? ನನ್ನ ಜೋಡೀದಾರ ಉರೀತಾನ ಇಲ್ಲ. ಅವನ ಪಾಲಿನ ದಂಡಾ ಯಾಕ ಕಟ್ಟಬೇಕು?

(ಇಲ್ಲಿಯವರೆಗೆ ಸುಮ್ಮನಿದ್ದ ಬುಲೆಟ್‌ನ ಮೂಲ ಹೆಡ್‌ಲೈಟ್ ನಡುವೆ ಬಾಯಿ ಹಾಕಿತು: ‘ಸ್ವಾಮಿ, ನನ್ನದೂ ಒಂದು ಮಾತು ಬರಕೊಳ್ರಿ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನದ ಹೆಡ್‌ಲೈಟಿಗೆ ಆರುವ ಭಾಗ್ಯ ಇಲ್ಲ. ಎಂಜಿನ್ ಶುರುವಾದ್ರ ನಾನೂ ಶುರು. ಹಗಲೂ ಉರೀಬೇಕು, ಎದುರಿನವರಿಗೆ ಗಾಡಿ ಕಾಣಲಿ ಅಂತ. ನಾ ಉರಿಯೂದು ಜನರಿಗೆ ಕಾಣಸಾಕ, ಇಂವ ಉರಿಯೂದು ಜನರಿಗೆ ಏನೂ ಕಾಣಬಾರದು ಅಂತ. ಇವನ ವೈರು ನನ್ನ ವೈರಿಗೇ ಗಂಟು ಹಾಕ್ಯಾರ, ಇವನ ಭಾರ ಹೊತ್ತು ನಾ ಮಬ್ಬಾಗೇನಿ.’)

ಇದು ಗಂಭೀರ ಆರೋಪ. ನಿಮ್ಮ ವೈರಿಂಗ್ ಹೇಗಾಗಿದೆ?

ಹಲ್ಲಿನಿಂದ ಆಗೇತಿ ಅಂತ ನೀವ ಬರದೀರಲ್ಲ.

ರಿಲೇ ಇದೆಯೇ? ಫ್ಯೂಸ್?

ನೋಡ್ರಿ, ಇದು ತಾಂತ್ರಿಕ ಪ್ರಶ್ನೆ. ನಮ್ಮಿಬ್ಬರದು ತಲಾ 40 ವಾಟ್ ಹಿಡೀರಿ, ಒಟ್ಟು 80. ಬ್ಯಾಟರಿ 12 ವೋಲ್ಟಿಂದು. ಭಾಗಾಕಾರ ಮಾಡ್ರಿ, ಆರೂವರಿ ಆಂಪಿಯರಿಗಿಂತ ತುಸು ಜಾಸ್ತಿ ಕರೆಂಟು ಬೇಕು. ಅಷ್ಟು ಕರೆಂಟು ಹ್ಯಾಂಡಲ್ಲಿನ ಸಣ್ಣ ಸ್ವಿಚ್ಚಿನ್ಯಾಗ ಹಾಯ್ದು ಬಂದ್ರ ಸ್ವಿಚ್ ಕರಗ್ತೈತಿ. ಅದಕ್ಕ ಬ್ಯಾಟರಿಯಿಂದ ಬ್ಯಾರೆ ದಪ್ಪ ವೈರು, ನಡುವ 10 ಆಂಪಿಯರಿನ ಫ್ಯೂಸು, ಒಂದು ರಿಲೇ ಇರಬೇಕು. ಇದೆಲ್ಲಾ ಮೇಸ್ತ್ರಿಗೂ ಗೊತ್ತು. ‘ಹಾರ್ನೆಸ್ ಹಾಕಲಾ?’ ಅಂತ ಕೇಳಿದ. ಅದರ ರೊಕ್ಕದಾಗ ಇನ್ನೊಂದು ಸಲ ಮುರ್ಥಲ್‌ಗೆ ಹೋಗಿ ಬರಬಹುದು ಅಂತ ನಮ್ಮ ಮಾಲಕ ಲೆಕ್ಕಾ ಹಾಕಿದ.

ಹಾಗಾದರೆ ನಿಮ್ಮನ್ನು ಆರಿಸುವುದು ಯಾರ ಕೈಯಲ್ಲಿದೆ?

ನಮ್ಮದು ಹೈಕಮಾಂಡ್ ಪಕ್ಷಾ ರೀ. ನಾ ಬರೇ ದಿಲ್ಲ್ಯಾಗ ಕಾಯೂದು. ಸ್ವಿಚ್ ಒಮ್ಮೆ ಒತ್ತಿದ್ರ ಬಿಳಿ, ಎರಡ್ ಸಲ ಒತ್ತಿದ್ರ ಹಳದಿ, ಮೂರನೇ ಸಲ ಒತ್ತಿದ್ರ ಮಿಣುಕು.

ಮಿಣುಕು ಯಾಕೆ?

ಮಿಣುಕು ಮಾಡಿದ್ರ ಮುಂದಿನ ಕಾರಿನವ ಪೊಲೀಸು ಬಂದ್ರು ಅಂತ ದಾರಿ ಬಿಡ್ತಾನ. ಪಕ್ಕದ ಅಂಗಡ್ಯಾಗ ಕೆಂಪು-ನೀಲಿ ಮಿಣುಕಿನ ತಮ್ಮ ಒಬ್ಬ ಇದ್ದಾನ. ಅವನಷ್ಟು ನಾ ಕೆಟ್ಟಿಲ್ಲ. ಮುಂದಕ್ಕ ಕೆಂಪು ದೀಪ ತೋರಸಬಾರದು ಅಂತ ನಿಮ್ಮ ನಿಯಮ ಪುಸ್ತಕದಾಗ ಐತಿ ಅಂತ ಕೇಳೇನಿ.

ಮಂಜಿಗೆ ಬರೋಣ. ನಿಮ್ಮ ಹೆಸರೇ ಫಾಗ್ ಲೈಟ್. ಡಿಸೆಂಬರ್–ಜನವರಿಯಲ್ಲಿ ಇಲ್ಲಿ ಕೈಚಾಚಿದರೆ ಬೆರಳು ಕಾಣದಂಥ ಮಂಜು ಬೀಳುತ್ತದೆ. ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಹೋಗುವ 165 ಕಿಲೋಮೀಟರ್ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲಕ್ಕೆಂದೇ ಕಾರುಗಳ ವೇಗಮಿತಿಯನ್ನು ಗಂಟೆಗೆ 100ರಿಂದ 75 ಕಿಲೋಮೀಟರಿಗೆ ಇಳಿಸುತ್ತಾರೆ. ಅಲ್ಲಿಯಾದರೂ ನೀವು ಉಪಯೋಗಕ್ಕೆ ಬಂದಿರಬೇಕಲ್ಲ?

(ದೀರ್ಘ ಮೌನ.) ಖರೇ ಹೇಳಲ್ಯಾ? ಇದನ್ನ ಬರೀಬ್ಯಾಡ್ರಿ. ಒಂದ್ ಜನವರಿ ಮುಂಜಾನೆ ಐದಕ್ಕ ಹೊಂಟಿದ್ವಿ. ಮಂಜು ಗ್ವಾಡಿ ನಿಂತಂಗ ನಿಂತಿತ್ತು. ನಾ ಇದ್ದ ಶಕ್ತಿ ಎಲ್ಲಾ ಹಾಕಿ ಉರದೆ. ನನ್ನ ಬೆಳಕು ಮಂಜಿನ ಹನಿಗೆ ಬಡದು ತಿರುಗಿ ನಮ್ಮ ಮಾಲಕನ ಮಾರಿಗೇ ಬಂತು. ನಾ ಜೋರು ಮಾಡಿದಂಗ ಮುಂದ ಬಿಳಿ ಪರದೆ ದಪ್ಪ ಆತು. ಹಳದಿ ಮಾಡಿದ. ಹಳದಿ ಪರದೆ ಆತು.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂದು ಅಂಗಡಿಯವನು ಹೇಳಲಿಲ್ಲವೇ?

ಹೇಳಿದ. ಆದ್ರ ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಬಿಳಿನೂ ಹಳದಿನೂ ಹೆಚ್ಚು ಕಡಿಮಿ ಒಂದ ನಮೂನಿ ಚದುರಿಸ್ತೈತಿ. ಹಳದಿ ಕಣ್ಣಿಗೆ ತುಸು ಹಿತ, ಅಷ್ಟ. ಮಂಜಿನ್ಯಾಗ ಕೆಲಸಾ ಮಾಡೂದು ಬಣ್ಣ ಅಲ್ರಿ, ಆಕಾರ. ಖರೇ ಫಾಗ್ ಲೈಟು ನೆಲಕ್ಕ ಹತ್ತರ ಇರ್ತೈತಿ, ಬೆಳಕು ಅಗಲಕ್ಕ ಹಾಸ್ತೈತಿ, ಮ್ಯಾಲ ಗೆರಿ ಕೊರದಂಗ ಬೆಳಕು ನಿಂತಬಿಡ್ತೈತಿ. ರಸ್ತೆ ಬದಿಯ ಬಿಳಿ ಪಟ್ಟಿ ಕಂಡ್ರ ಸಾಕು, ಅದನ್ನ ಹಿಡಕೊಂಡು ಸಾವಕಾಶ ಹೋಗಬಹುದು. ನಂದು ಹಂಗಲ್ಲ. ನನ್ನ ಬೆಳಕಿಗೆ ಮ್ಯಾಲ ಗೆರಿ ಇಲ್ಲ, ಮರದ ಮ್ಯಾಲ ಮಲಗಿದ ಹಕ್ಕಿಗೂ ಎಚ್ಚರ ಆಗ್ತೈತಿ. ಕಡೀಗೆ ಮಾಲಕ ನನ್ನ ಆರಿಸಿ, ಹಳೇ ಹೆಡ್‌ಲೈಟಿನ ಡಿಮ್ ಮ್ಯಾಲ, ಒಂದು ಲಾರಿ ಹಿಂದ ಹಿಂದ ಜೇವರ್ ಮುಟ್ಟಿದ.

ಆ ಲಾರಿಯ ಹಿಂದೆ ಏನು ಬರೆದಿತ್ತು?

‘ಯೂಸ್ ಡಿಪ್ಪರ್ ಅಟ್ ನೈಟ್.’ ಎಲ್ಲಾ ಲಾರಿ ಹಿಂದೂ ಅದ ಇರ್ತೈತಿ, ಯಾರೂ ಓದಂಗಿಲ್ಲ. ಆ ಮಾತು ಎಷ್ಟು ಹೆಸರಾಗೇತಿ ಅಂದ್ರ, 2016ರಾಗ ಟಾಟಾ ಮೋಟಾರ್ಸ್‌ನವರು ಲಾರಿ ಚಾಲಕರ ಆರೋಗ್ಯಕ್ಕಂತ ‘ಡಿಪ್ಪರ್’ ಹೆಸರಿನ ನಿರೋಧ್ ತಂದ್ರು. ಡಿಪ್ಪರ್ ಬಳಸ್ರಿ ಅಂತ ಹೇಳಾಕ ಬ್ಯಾರೆ ದಾರಿನ ಹುಡುಕಬೇಕಾತು.

ಎದುರಿನವರು ಅನುಭವಿಸುವ ಕಷ್ಟ ನಿಮಗೆ ಗೊತ್ತೇ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತಾನೆ. ನಿಮ್ಮನ್ನು ನೋಡಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡುಗಳೇ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಅಷ್ಟು ದೂರವನ್ನು ಅವನು ಕುರುಡಾಗಿಯೇ ಓಡಿಸುತ್ತಾನೆ. ಆ ಜಾಗದಲ್ಲಿ ದೀಪವೇ ಇಲ್ಲದ ಇ-ರಿಕ್ಷಾ ಇರಬಹುದು, ಪಾಳಿ ಮುಗಿಸಿ ಸೈಕಲ್ ತುಳಿಯುವ ಕಾರ್ಮಿಕ ಇರಬಹುದು.

ಎಲ್ಲಾ ತಪ್ಪು ನಂದ ಏನ್ರಿ? ದೊಡ್ಡ ದೊಡ್ಡ ಕಾರಿನವರು ಹೈಬೀಮ್ ಹಾಕ್ಕೊಂಡ ಹುಟ್ಟ್ಯಾರ. ಅವರ ದೀಪ ನಮ್ಮ ಮಾಲಕನ ಎದಿ ಎತ್ತರಕ್ಕ ಬರ್ತಾವ. ಗುರುಗ್ರಾಮ–ಫರೀದಾಬಾದ್ ರಸ್ತ್ಯಾಗ ರಾತ್ರಿ ಬರ್ರಿ, ಅರಾವಳಿ ಕಾಡಿನ ಕತ್ತಲಿ, ನೀಲಗಾಯಿ ಅಡ್ಡ ಬರ್ತಾವ, ಚಿರತಿ ಸೈತ ಗಾಡಿಗೆ ಸಿಕ್ಕು ಸತ್ತಾವ. ಅಲ್ಲಿ ನಾ ಬ್ಯಾಡೇನು?

(ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ಕಾರಿನವರ ಮೇಲಿನ ಸಿಟ್ಟಿಗೆ ಬೈಕಿನವನು ದೀಪ ಹಾಕಿಸುತ್ತಾನೆ, ಬೈಕಿನವನ ದೀಪಕ್ಕೆ ಕಾರಿನವನು ಇನ್ನೂ ಪ್ರಖರವಾದ ಬಲ್ಬು ಹಾಕಿಸುತ್ತಾನೆ. ಹೆಚ್ಚುವರಿ ದೀಪಕ್ಕೆ ದುಡ್ಡಿಲ್ಲದ ಸ್ಕೂಟರಿನವರಿಗೆ ಎರಡೂ ಕಡೆಯಿಂದ ಏಟು. ಅಂಗಡಿಯವನಿಗೆ ಮಾತ್ರ ಎರಡೂ ಕಡೆಯಿಂದ ಲಾಭ.)

ಕಾಡಿನ ರಸ್ತೆಯಲ್ಲಿ ಎದುರಿಗೆ ಯಾರೂ ಇಲ್ಲದಾಗ ನಿಮ್ಮ ಉಪಯೋಗ ಒಪ್ಪೋಣ. ಎದುರಿಗೆ ಗಾಡಿ ಬಂದಾಗ?

ಮಾಲಕ ಹೆಡ್‌ಲೈಟ್ ಡಿಮ್ ಮಾಡ್ತಾನ. ಭಾಳ ಸಂಭಾವಿತ ಹುಡುಗ. ನನ್ನ ಸ್ವಿಚ್ ಬ್ಯಾರೆ ಕಡೆ ಐತಲ್ಲ, ಅದನ್ನ ಮರೀತಾನ.

ಪೊಲೀಸರು ಹಿಡಿದಿಲ್ಲವೇ?

ಯಾವ ಪೊಲೀಸರ್ರಿ? ಮನಿಯಿಂದ ಹೊಂಟ್ರ ಹರಿಯಾಣಾ, ಕರೋಲ್‌ಬಾಗ್‌ಗೆ ಬಂದ್ರ ದಿಲ್ಲಿ, ಗೆಳ್ಯಾನ್ನ ನೋಡಾಕ ನೋಯ್ಡಾಕ್ಕ ಹೋದ್ರ ಉತ್ತರ ಪ್ರದೇಶ. ಮೂರೂ ಕಡೆ ಗಾಡಿ ನಿಲ್ಲಿಸಿ ಮೊದಲು ಕೆಎ ನಂಬರ್ ಪ್ಲೇಟ್ ನೋಡ್ತಾರ. ಬ್ಯಾರೆ ರಾಜ್ಯದ ಗಾಡಿ 12 ತಿಂಗಳ ಮೀರಿ ಇಟ್ಕೊಂಡ್ರ ಇಲ್ಲಿ ನೋಂದಣಿ ಮಾಡಿಸಬೇಕಲ್ರಿ, ಆ ಪಂಚಾಯ್ತಿ ಮುಗಿಯೂದ್ರಾಗ ಬೆಳಗಾಗಿರ್ತೈತಿ. ಹಗಲಿನ್ಯಾಗ ನನ್ನ ಯಾರು ಕೇಳ್ತಾರ?

ನಿಮ್ಮ ಯಜಮಾನರ ತವರು ರಾಜ್ಯದಲ್ಲಿ ಕೇಳುತ್ತಾರೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದರು. ಲಾರಿ, ಬಸ್ಸು, ಕಾರು, ಬೈಕು ಯಾವುದನ್ನೂ ಬಿಡಲಿಲ್ಲ.

ಗೊತ್ತೈತಿ. ಬೆಂಗಳೂರಿನ ನಮ್ಮ ಚಿಕ್ಕಪ್ಪನ ಮಕ್ಕಳು ಭಾಳ ಮಂದಿ ಆಗ ಡಿಕ್ಕಿ ಸೇರಿದ್ರು. ನಮ್ಮ ಮಾಲಕ ಊರಿಗೆ ಗಾಡಿ ಕಳಸೂ ವಿಚಾರನ ಬಿಟ್ಟಾನ.

ಕೊನೆಯ ಪ್ರಶ್ನೆ. ನೀವು ಕಾನೂನುಬದ್ಧವಾಗಿ ಬಾಳಬೇಕೆಂದರೆ ಏನು ಮಾಡಬೇಕು?

ನನ್ನ ಕೇಳಿದ್ರ? ಮೊದಲು ನನ್ನಂಥವನ್ನ ಕೊಳ್ಳಬಾರದು. ಗಾಡಿ ಕಂಪನಿನ ತನ್ನ ಮಾಡೆಲ್ಲಿಗಂತ ಕೊಡೂ ದೀಪ ಇದ್ರ, ಆ ದೀಪಕ್ಕ ಮಾನ್ಯತೆ ಐತೇನು ಅಂತ ಕೇಳಿ, ಕಂಪನಿ ಸರ್ವಿಸ್ ಸೆಂಟರಿನ್ಯಾಗನ ಹಾಕಿಸಿ, ರಸೀದಿ ಇಟ್ಕೋಬೇಕು. ಹೆಡ್‌ಲೈಟಿಗಿಂತ ಕೆಳಗ ಕೂಡಿಸಬೇಕು, ಮಾರಿ ನೆಲಕ್ಕ ಇರಬೇಕು. ಬೀದಿದೀಪ ಇದ್ದಲ್ಲಿ ಆರಿಸಬೇಕು. ಇಷ್ಟೆಲ್ಲಾ ಮಾಡಿದ್ರ ನಾ ಇದ್ದೂ ಇಲ್ಲದಂಗ ರೀ. ನಮ್ಮ ಮಾಲಕ ರೊಕ್ಕಾ ಕೊಟ್ಟದ್ದು ನಾಲ್ಕ್ ಮಂದಿಗೆ ಕಾಣಲಿ ಅಂತ.

ಸಂದರ್ಶನ ಇಲ್ಲಿಗೆ ನಿಂತಿತು. ಮಾಲೀಕರು ಹೊರಡುವ ಅವಸರದಲ್ಲಿದ್ದರು, ಅಂದು ಶನಿವಾರ.

ಗಾಡಿಗೆ ಇಂಥ ದೀಪ ಹಾಕಿಸಿಕೊಂಡ ಓದುಗರಲ್ಲಿ ಒಂದು ವಿನಂತಿ. ಇವತ್ತು ರಾತ್ರಿ ಗೆಳೆಯನನ್ನು ಸೀಟಿನ ಮೇಲೆ ಕೂರಿಸಿ ದೀಪ ಹಚ್ಚಿಸಿ. ಎಂಟು ಮೀಟರ್ ಎಂದರೆ ಸುಮಾರು ಹತ್ತು ದೊಡ್ಡ ಹೆಜ್ಜೆ. ಅಷ್ಟು ಮುಂದೆ ಹೋಗಿ, ಗಾಡಿಯ ಬಲಕ್ಕೆ ತುಸು ಸರಿದು, ತಿರುಗಿ ನಿಂತು ನೋಡಿ. ಗೆಳೆಯನ ಮುಖ ಕಾಣದಿದ್ದರೆ, ಸ್ಪ್ಯಾನರ್ ತೆಗೆದುಕೊಂಡು ದೀಪವನ್ನು ಕೆಳಕ್ಕೆ ಬಾಗಿಸಿ. ಎಷ್ಟು ಬಾಗಿಸಿದರೂ ಕಾಣದಿದ್ದರೆ ಬಿಚ್ಚಿಬಿಡಿ.